ಒಂಬತ್ತು ದಿನದ ಲೆಕ್ಕ

ಪ್ಯಾಂಟು ಒಗೆಯಲು ನೆನೆಹಾಕುವಾಗ ಅಮ್ಮನ ಕೈಗೆ ಕೀ ಸಿಕ್ಕಿತು. ಸಣ್ಣ ಹಿತ್ತಾಳೆ ಕೀ, ಅದಕ್ಕೊಂದು ಕೆಂಪು ದಾರ. "ಇದೆಂತದ್ದು?" ಎಂದು ಕೇಳಿದರು. ಆಫೀಸಿನ ಕಪಾಟಿನದ್ದು ಎಂದೆ. ಆ ಆಫೀಸು ಬಿಟ್ಟು ಆಗ ಮೂರು ದಿನ ಆಗಿತ್ತು. ಬಿಟ್ಟದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಫೀಸಿನವರಿಗೆ ಗೊತ್ತಿದ್ದದ್ದೂ ಒಂದು ವಾಟ್ಸಾಪ್ ಮೆಸೇಜಿನಷ್ಟೇ.

ಇದು 2022ರ ಜೂನ್ ತಿಂಗಳ ಮಾತು. ಈಗ ಬರೆಯಲು ಕಾರಣ ಮಾವನ ಮಗ. ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿ, "ನಾಳೆಯಿಂದ ಕೆಲಸಕ್ಕೆ ಹೋಗದಿದ್ದರೆ ಎಂತ ಮಾಡ್ತಾರೆ? ಪೊಲೀಸ್ ಕೇಸ್ ಆಗ್ತದಾ?" ಎಂದು ಕೇಳಿದ. ಆಗುವುದಿಲ್ಲ ಎಂದೆ. ಅವನಿಗೆ ಅಷ್ಟೇ ಬೇಕಿತ್ತು, ಖುಷಿಯಲ್ಲಿ ಫೋನಿಟ್ಟ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ಹೇಳಲಿಲ್ಲ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ, ಸೀತಾಂಗೋಳಿ ದಾಟಿ ಸ್ವಲ್ಪ ಒಳಗೆ. ಕೆಲಸ ಇದ್ದದ್ದು ಮಂಗಳೂರಿನಲ್ಲಿ. ಪೈಪು, ಟ್ಯಾಂಕು, ನಲ್ಲಿ ಇತ್ಯಾದಿ ಹೋಲ್‌ಸೇಲಾಗಿ ಹಾರ್ಡ್‌ವೇರ್ ಅಂಗಡಿಗಳಿಗೆ ಹಾಕುವ ಒಂದು ಸಂಸ್ಥೆ. ನಾನು ಅಲ್ಲಿ ಅಕೌಂಟ್ಸ್. ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತುವುದು, ಸಂಜೆ ಇಳಿಯುವುದು. ಸೀಸನ್ ಟಿಕೆಟ್ ಇದ್ದ ಕಾರಣ ಖರ್ಚು ಕಡಿಮೆ. ರೈಲು ತಪ್ಪಿದರೆ ಬಸ್ಸು. ಹೈವೇ ಅಗಲ ಮಾಡಲು ಅಗೆದು ಹಾಕಿದ್ದರು, ಹಾಗಾಗಿ ಬಸ್ಸಿನಲ್ಲಿ ಹೋದರೆ ಸೊಂಟವೂ ಸಮಯವೂ ಎರಡೂ ಹೋಗುತ್ತಿತ್ತು.

2018ರ ಜನವರಿಯಲ್ಲಿ ಸೇರಿದ್ದೆ. ಸೇರುವಾಗ ಎರಡು ಪುಟದ ಕಾಗದಕ್ಕೆ ಸೈನ್ ಹಾಕಿಸಿಕೊಂಡಿದ್ದರು. ಕೆಲಸ ಬಿಡುವುದಾದರೆ ಎರಡು ತಿಂಗಳು ಮೊದಲು ತಿಳಿಸಬೇಕು, ಇಲ್ಲದಿದ್ದರೆ ಎರಡು ತಿಂಗಳ ಸಂಬಳ ಕಟ್ಟಬೇಕು ಎಂದು ಅದರಲ್ಲಿ ಇತ್ತಂತೆ. ನಾನು ಓದಿದ್ದು ಸಂಬಳದ ಸಾಲು ಮಾತ್ರ.

ನಮ್ಮ ಧಣಿಗಳು ಕೆಟ್ಟವರು ಎಂದು ಬರೆದರೆ ನನಗೆ ಸುಲಭ ಆಗುತ್ತಿತ್ತು. ಬಾಯಿ ಜೋರು, ಅದು ಹೌದು. ಆದರೆ 2020ರ ಮಾರ್ಚ್‌ನಲ್ಲಿ ಕೊರೋನಾ ಎಂದು ಕರ್ನಾಟಕದ ತಲಪಾಡಿ ಗಡಿ ಮುಚ್ಚಿ, ಒಳದಾರಿಗಳಿಗೆಲ್ಲ ಮಣ್ಣು ರಾಶಿ ಹಾಕಿದರಲ್ಲ, ಆಗ ನಮ್ಮ ಕಡೆಯವರಿಗೆ ಮಂಗಳೂರೇ ಇಲ್ಲದ ಹಾಗಾಗಿತ್ತು. ಆಸ್ಪತ್ರೆಗೆ ಹೋಗಲಾರದೆ ಜನ ಸತ್ತರು. ಅಂಥ ಹೊತ್ತಿನಲ್ಲಿ ಇವರು ಎರಡು ತಿಂಗಳು ಅರ್ಧ ಸಂಬಳ ಹಾಕಿದ್ದಾರೆ. ಗೋಡೌನ್ ಬಾಗಿಲು ತೆರೆದೇ ಇರಲಿಲ್ಲ. ನಾನು ಚಾವಡಿಯಲ್ಲಿ ಕೂತು ಮೊಬೈಲ್ ನೆಟ್‌ನಲ್ಲಿ ಹಳೆ ಲೆಕ್ಕ ಸರಿ ಮಾಡುತ್ತಿದ್ದೆ, ಅಷ್ಟೇ. ಬಿಡುವ ದಿನ ಇದೆಲ್ಲ ನೆನಪಾಗಲಿಲ್ಲ. ಸಿಟ್ಟು ಬಂದಾಗ ಮನುಷ್ಯನಿಗೆ ಬೇಕಾದ್ದು ಮಾತ್ರ ನೆನಪಿರುತ್ತದೆ ಅಲ್ವಾ?

ಸಿಟ್ಟು ಬಂದದ್ದು ಅಡಿಕೆ ಮದ್ದಿನ ವಿಷಯದಲ್ಲಿ. ಅಡಿಕೆ ತೋಟ ಇದ್ದವರಿಗೆ ವಿವರಿಸಬೇಕಾಗಿಲ್ಲ. ಮಳೆ ಹಿಡಿದುಕೊಳ್ಳುವ ಮೊದಲು ಒಂದು ಸಲ ಮದ್ದು ಬಿಡಲೇಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅದು ತಪ್ಪಿದರೆ ಆಟಿ ತಿಂಗಳ ಮಳೆಗೆ ಕೊಳೆರೋಗ ಬಂದು ಎಳೆ ಕಾಯಿ ಎಲ್ಲ ಬುಡಕ್ಕೆ ಬೀಳುತ್ತದೆ. ಮದ್ದು ತಯಾರಿಸುವುದು ದೊಡ್ಡ ವಿಷಯ ಅಲ್ಲ. ಮರ ಹತ್ತುವವರು ಸಿಗುವುದು ದೊಡ್ಡ ವಿಷಯ. ಎರಡು ವಾರ ಫೋನ್ ಮಾಡಿದ ಮೇಲೆ ಒಬ್ಬ ಜೂನ್ 10, 11ಕ್ಕೆ ಬರುತ್ತೇನೆ ಎಂದಿದ್ದ. ಅಪ್ಪನಿಗೆ ಆಗ ಮೊಣಗಂಟು ನೋವು. ಮದ್ದು ಕಲಸಲು, ಪಂಪಿನ ಹತ್ತಿರ ನಿಲ್ಲಲು, ಪೈಪು ಎಳೆಯಲು ನಾನಿರಬೇಕು. ಎರಡು ದಿನ ರಜೆ ಕೇಳಿದೆ.

ಧಣಿಗಳು ತಲೆ ಎತ್ತಲಿಲ್ಲ. "11ನೇ ತಾರೀಕಿಗೆ ಜಿಎಸ್‌ಟಿಆರ್-1 ಹಾಕಬೇಕು, ಗೊತ್ತುಂಟಲ್ಲ? ನಿಮ್ಮ ಅಡಿಕೆ ಕಾಯ್ತದೆ. ಜಿಎಸ್‌ಟಿ ಕಾಯುವುದಿಲ್ಲ."

ಅಡಿಕೆಯೂ ಕಾಯುವುದಿಲ್ಲ ಎಂದು ನಾನು ಹೇಳಬೇಕಿತ್ತು. ಆ ರಿಟರ್ನ್, ಅಂದರೆ ತಿಂಗಳ ಮಾರಾಟದ ಬಿಲ್ಲುಗಳ ಲೆಕ್ಕ, ಇವತ್ತೇ ಹಾಕಿ ಹೋಗುತ್ತೇನೆ ಎಂದೂ ಹೇಳಬಹುದಿತ್ತು. ಮುಕ್ಕಾಲು ಕೆಲಸ ಮುಗಿದಿತ್ತು, ಸಂಜೆ ಎರಡು ಗಂಟೆ ಜಾಸ್ತಿ ಕೂತರೆ ಆಗುತ್ತಿತ್ತು. ಏನೂ ಹೇಳಲಿಲ್ಲ. ಮಾತಾಡುವವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರೈಲಿನಲ್ಲಿ ಉಳ್ಳಾಲ ದಾಟುವಾಗ ಟೈಪ್ ಮಾಡಿದೆ: "ನಾಳೆಯಿಂದ ಬರುವುದಿಲ್ಲ. ನನ್ನ ಲೆಕ್ಕ ಚುಕ್ತಾ ಮಾಡಿ." ಮಂಜೇಶ್ವರ ಬರುವಾಗ ಕಳಿಸಿದೆ. ಉಪ್ಪಳ ಬರುವಾಗ ಆಫೀಸಿಗೆ ಸಂಬಂಧಪಟ್ಟ ನಂಬರುಗಳನ್ನೆಲ್ಲ ಸಾಲಾಗಿ ಬ್ಲಾಕ್ ಮಾಡಿದೆ. ಮನೆಗೆ ಬಂದು ಆಫೀಸ್ ಸಿಮ್ ತೆಗೆದು ಮೇಜಿನ ಡ್ರಾಯರಿಗೆ ಹಾಕಿದೆ. ಆ ರಾತ್ರಿ ಬಂದಂಥ ನಿದ್ದೆ ಅದಕ್ಕಿಂತ ಮೊದಲು ಒಂದು ವರ್ಷದಲ್ಲಿ ಬಂದಿರಲಿಲ್ಲ. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸ ಆಗುತ್ತದೆ.

10ನೇ ತಾರೀಕು ಮದ್ದು ಬಿಟ್ಟೆವು. 11ಕ್ಕೆ ಅರ್ಧ ದಿನ. ಮಧ್ಯಾಹ್ನ ಮಳೆ ಸುರಿಯಿತು. ರಜೆ ಹಾಕಿದ್ದೇನೆ ಎಂದು ಅಪ್ಪನಿಗೆ ಹೇಳಿದ್ದೆ.

ಆ ಸಿಮ್ಮಿನ ವಿಷಯ ಈಗ ಹೇಳುತ್ತೇನೆ. ಜಿಎಸ್‌ಟಿ ಪೋರ್ಟಲಿನಲ್ಲಿ ರಿಟರ್ನ್ ಹಾಕಿದ ಮೇಲೆ ಕೊನೆಗೆ ಒಂದು ಓಟಿಪಿ ಬರುತ್ತದೆ. ಅದು ನೋಂದಾಯಿಸಿದ ಮೊಬೈಲಿಗೂ ಇಮೇಲಿಗೂ ಬರುವುದು. ನಿಯಮದ ಪ್ರಕಾರ ಅದು ಧಣಿಗಳ ನಂಬರ್ ಆಗಿರಬೇಕು. ಆದರೆ ಸಣ್ಣ ವ್ಯಾಪಾರಗಳಲ್ಲಿ ಎಷ್ಟೋ ಕಡೆ ಲೆಕ್ಕ ಬರೆಯುವವನ ನಂಬರೇ ಇರುತ್ತದೆ. ಪ್ರತಿ ಸಲ ಧಣಿಗಳನ್ನು ಹುಡುಕಿ ಓಟಿಪಿ ಕೇಳುವುದು ಯಾರಿಗೆ ಬೇಕು? ನಾನು ಸೇರಿದ ಮೇಲೆ ಹಳಬನ ನಂಬರ್ ತೆಗೆದು ಈ ಸಿಮ್ಮಿನ ನಂಬರ್ ಹಾಕಿದ್ದು ನಾನೇ. ಸಿಮ್ ನನ್ನ ಆಧಾರಿನಲ್ಲಿ, ರೀಚಾರ್ಜ್ ಆಫೀಸಿನದ್ದು. ಇಮೇಲಿನ ಪಾಸ್‌ವರ್ಡ್ ನನ್ನ ತಲೆಯಲ್ಲಿ. ಅಂದರೆ ಇಡೀ ಸಂಸ್ಥೆಯ ರಿಟರ್ನು ಸೀತಾಂಗೋಳಿಯ ಒಂದು ಡ್ರಾಯರಿನಲ್ಲಿ, ಹಳೆ ಬಟನ್ ಮತ್ತು ಟೈಗರ್ ಬಾಮ್ ಡಬ್ಬಿಯ ನಡುವೆ ಬಿದ್ದಿತ್ತು.

ಬೇಕೆಂದೇ ಮಾಡಿದ್ದಲ್ಲ. ನಂಬುವವರು ನಂಬಿ. ನನಗೆ ಅದು ಹೊಳೆದೇ ಇರಲಿಲ್ಲ.

ನಮ್ಮ ಮನೆಯಲ್ಲಿ ಇನ್ನೂ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಉಂಟು. ಮಳೆ ಬಂದರೆ ಅದು ಸಾಯುತ್ತದೆ, ಮತ್ತೆ ಅದರಷ್ಟಕ್ಕೆ ಜೀವ ಬರುತ್ತದೆ. 15ನೇ ತಾರೀಕು ಬೆಳಿಗ್ಗೆ ಜೀವ ಬಂದು ರಿಂಗಾಯಿತು. ಎತ್ತಿದ್ದು ಅಪ್ಪ. ಆ ಕಡೆ ಇದ್ದದ್ದು ನಮ್ಮ ಆಫೀಸಿನ ಬಿಲ್ಲಿಂಗ್ ಅಕ್ಕ, ಉಪ್ಪಳದವರು. ನಾಲ್ಕು ವರ್ಷ ಒಂದೇ ರೈಲಿನಲ್ಲಿ ಹೋಗಿ ಬಂದವರು ನಾವು. ಕುಂಬಳೆಯಲ್ಲಿ ನಾನು ಹತ್ತಿ ಅವರಿಗೆ ಸೀಟು ಹಿಡಿಯುವುದು, ಉಪ್ಪಳದಲ್ಲಿ ಅವರು ಬುತ್ತಿ ಹಿಡಿದುಕೊಂಡು ಹತ್ತುವುದು. ನನ್ನ ಹಳೆ ಫಾರ್ಮಿನಿಂದ ಮನೆಯ ನಂಬರ್ ಹುಡುಕಿ ನಾಲ್ಕು ದಿನದಿಂದ ಪ್ರಯತ್ನ ಮಾಡುತ್ತಿದ್ದರಂತೆ.

ಅಪ್ಪ ಏನೂ ಮಾತಾಡದೆ ರಿಸೀವರ್ ನನ್ನ ಕೈಗೆ ಕೊಟ್ಟರು. ಅಕ್ಕ ಬೈಯಲಿಲ್ಲ. "ನನ್ನನ್ನೂ ಬ್ಲಾಕ್ ಮಾಡಿದೆಯಲ್ಲಾ ಮಾರಾಯ. ನಾನು ನಿನಗೆ ಎಂತ ಮಾಡಿದ್ದೆ?" ಎಂದರು. ಆಮೇಲೆ ಹೇಳಿದರು. 11ಕ್ಕೆ ರಾತ್ರಿ ಒಂಬತ್ತರವರೆಗೆ ಧಣಿಗಳು ಅವರನ್ನು ಕೂರಿಸಿದ್ದಾರೆ. ಅವರಿಗೆ ಜಿಎಸ್‌ಟಿ ಕೆಲಸ ಗೊತ್ತಿಲ್ಲ, ಗೊತ್ತಿದ್ದರೂ ಓಟಿಪಿ ಇಲ್ಲ. ಕಾಸರಗೋಡು ಬಸ್ಸು ತಪ್ಪಿ, ಸಿಟಿ ಬಸ್ಸಿನಲ್ಲಿ ತಲಪಾಡಿಗೆ ಬಂದು, ಆ ಮಳೆಗೆ ಗಂಡ ಬೈಕ್ ತಂದು ಕರೆದುಕೊಂಡು ಹೋದರಂತೆ. ಮನೆ ತಲುಪುವಾಗ ಹನ್ನೊಂದೂವರೆ.

ಸಿಮ್ ಹಾಕಿದೆ. ಓಟಿಪಿ ಕೊಟ್ಟೆ. ಇಮೇಲಿನ ಪಾಸ್‌ವರ್ಡ್ ಕೊಟ್ಟೆ. ರಿಟರ್ನ್ ನಾಲ್ಕು ದಿನ ತಡವಾಗಿ ಹೋಯಿತು. ನಾಲ್ಕು ದಿನ ಎಂದರೆ ಏನು ಮಹಾ ಎಂದು ಕಾಣಬಹುದು. ದಂಡ ದೊಡ್ಡದಲ್ಲ. ಆದರೆ ನಾವು ಜಿಎಸ್‌ಟಿಆರ್-1ರಲ್ಲಿ ಹಾಕಿದ ಬಿಲ್ಲುಗಳೇ ನಮ್ಮಿಂದ ಮಾಲು ತೆಗೆದುಕೊಂಡ ಅಂಗಡಿಯವರ 2ಬಿ ಎಂಬ ಖರೀದಿ ಪಟ್ಟಿಯಲ್ಲಿ ಕಾಣುವುದು. ಆ ಪಟ್ಟಿ 14ನೇ ತಾರೀಕಿಗೆ ತಯಾರಾಗುತ್ತದೆ. ತಡವಾಗಿ ಹಾಕಿದ ಬಿಲ್ಲು ಮುಂದಿನ ತಿಂಗಳ ಪಟ್ಟಿಗೆ ಹೋಗುತ್ತದೆ. 2022ರ ಜನವರಿಯಿಂದ ಪಟ್ಟಿಯಲ್ಲಿ ಕಾಣದ ಬಿಲ್ಲಿಗೆ ತೆರಿಗೆಯ ಕ್ರೆಡಿಟ್ ಇಲ್ಲ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟುವುದರಲ್ಲಿ ಕಳೆಯುವ ಹಾಗಿಲ್ಲ. ಹಾಗಾಗಿ ಪುತ್ತೂರು, ಬಂಟ್ವಾಳ, ಉಪ್ಪಿನಂಗಡಿಯ ಅಂಗಡಿಯವರೆಲ್ಲ ಆ ತಿಂಗಳು ಕೈಯಿಂದ ತೆರಿಗೆ ಕಟ್ಟಬೇಕಾಯಿತು. ಅವರು ಧಣಿಗಳಿಗೆ ಫೋನ್ ಮಾಡಿದರು. ಕೆಲವರು ನಮಗೆ ಬರಬೇಕಾದ ಹಣ ಹಿಡಿದಿಟ್ಟರು. ಧಣಿಗಳು ಬಿಲ್ಲಿಂಗ್ ಅಕ್ಕನಿಗೆ ಬೈದರು. ನನಗೆ ಬೈಯಲು ನಾನು ಸಿಗುತ್ತಿರಲಿಲ್ಲವಲ್ಲ.

ಅಪ್ಪ ಆ ದಿನ ಊಟ ಮುಗಿಯುವವರೆಗೆ ಸುಮ್ಮನಿದ್ದರು. ಕೈ ತೊಳೆದು ಬಂದು, "ಕೆಲಸ ಬಿಟ್ಟದ್ದಕ್ಕೆ ನಾನೇನೂ ಹೇಳುವುದಿಲ್ಲ. ನನ್ನ ಮದ್ದಿನ ಹೆಸರು ಹೇಳಿ ಬಿಟ್ಟೆಯಲ್ಲ, ಅದು ಬೇಡ ಇತ್ತು" ಎಂದರು. ಕೀಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಕೆಂಪು ದಾರ ಸಮೇತ.

ಜುಲೈಯಲ್ಲಿ ವಕೀಲರ ಮೂಲಕ ಒಂದು ಕಾಗದ ಬಂತು. ಎರಡು ತಿಂಗಳ ಸಂಬಳ 36,000, ಅದರಲ್ಲಿ ಜೂನ್‌ನ ಒಂಬತ್ತು ದಿನದ ಸಂಬಳ 5,400 ಕಳೆದು 30,600 ರೂಪಾಯಿ ಕಟ್ಟಬೇಕು ಎಂದು. ನನಗೆ ಕೈಕಾಲು ತಣ್ಣಗಾಯಿತು. ಭಾವ ಕಾಸರಗೋಡಿನ ವಿದ್ಯಾನಗರದಲ್ಲಿ, ಕೋರ್ಟಿನಲ್ಲಿ ವಕೀಲರು. ಕಾಗದ ಹಿಡಿದುಕೊಂಡು ಅಲ್ಲಿಗೆ ಹೋದೆ. ಭಾವ ಎರಡು ಸಲ ಓದಿ, ಚಾ ತರಿಸಿ, ನಿಧಾನಕ್ಕೆ ಹೇಳಿದರು.

ಪೊಲೀಸರಿಗೆ ಇದರಲ್ಲಿ ಕೆಲಸವಿಲ್ಲ. ಕೆಲಸಕ್ಕೆ ವಾಪಸ್ ಬಾ ಎಂದು ಯಾವ ಕೋರ್ಟೂ ಹೇಳುವುದಿಲ್ಲ. ಇಷ್ಟವಿಲ್ಲದವನಿಂದ ಚಾಕರಿ ಮಾಡಿಸುವ ಕಾನೂನು ನಮ್ಮಲ್ಲಿಲ್ಲ. ಅವರಿಗೆ ಉಳಿದದ್ದು ಸಿವಿಲ್ ದಾವೆ. 1872ರ ಕಾಂಟ್ರಾಕ್ಟ್ ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿ ಎಷ್ಟು ಬರೆದಿದೆಯೋ ಅದು ಮೇಲಿನ ಮಿತಿ ಮಾತ್ರ. ಅಷ್ಟರೊಳಗೆ ನ್ಯಾಯವಾದದ್ದು ಎಷ್ಟು ಎಂದು ಕೋರ್ಟು ನೋಡುತ್ತದೆ. 30,000ಕ್ಕೆ ಯಾರೂ ಮಂಗಳೂರಿನಿಂದ ದಾವೆ ಹೂಡಿಕೊಂಡು ಅಲೆಯುವುದಿಲ್ಲ. "ಆದರೆ ಆ ಕೀ, ಸಿಮ್, ಪಾಸ್‌ವರ್ಡ್ ನಿನ್ನ ಹತ್ತಿರ ಇಟ್ಟುಕೊಂಡದ್ದು ಸರಿಯಲ್ಲ. ಅದನ್ನು ಹಿಡಿದುಕೊಂಡು ಯಾರಾದರೂ ಬೇರೆ ಬಣ್ಣ ಕಟ್ಟಬಹುದಿತ್ತು" ಎಂದರು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬಗ್ಗೆ ಕೇಳಿದೆ. ನಕ್ಕರು. ಅದಕ್ಕೆ ಐದು ವರ್ಷ ಆಗಬೇಕು. ನನ್ನದು ನಾಲ್ಕು ವರ್ಷ ಐದು ತಿಂಗಳು. ಮೂಲ ಸಂಬಳ 14,000, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ಐದು ವರ್ಷಕ್ಕೆ ಲೆಕ್ಕ ಹಾಕಿದರೆ 40,384 ರೂಪಾಯಿ. ಬಸ್ಸಿನಲ್ಲಿ ವಾಪಸ್ ಬರುವಾಗ ಟಿಕೆಟಿನ ಹಿಂದೆ ಈ ಲೆಕ್ಕ ಬರೆದದ್ದು ನೆನಪಿದೆ. ಅಕೌಂಟ್ಸಿನವನ ಹಣೆಬರಹ ನೋಡಿ, ಕಳೆದುಕೊಂಡದ್ದನ್ನೂ ಪೈಸೆ ಲೆಕ್ಕದಲ್ಲಿ ತಿಳಿದುಕೊಳ್ಳಬೇಕು.

ಭಾವ ಹೇಳಿದಂತೆ ದಾವೆ ಬರಲಿಲ್ಲ. ಆದರೆ ಕೆಲಸವೂ ಬರಲಿಲ್ಲ.

ಮೊದಲ ಇಂಟರ್‌ವ್ಯೂ ಮಂಗಳೂರಿನಲ್ಲೇ. ಎದುರು ಕೂತಿದ್ದ ಚಾರ್ಟರ್ಡ್ ಅಕೌಂಟೆಂಟ್ ನನ್ನ ಕಾಗದ ನೋಡಿ, "ಓ, ಅಲ್ಲಿದ್ದವರಾ?" ಎಂದರು. ಸ್ವರ ಬದಲಾಯಿತು. ಅಲ್ಲಿಗೆ ಮುಗಿಯಿತು. ಮಂಗಳೂರು ದೊಡ್ಡ ಪೇಟೆ ಎಂದು ನಾವು ಅಂದುಕೊಳ್ಳುತ್ತೇವೆ. ಲೆಕ್ಕ ಬರೆಯುವವರಿಗೆ ಅದು ಕುಂಬಳೆಯಷ್ಟೇ.

ಎರಡನೆಯದು ಕೊಚ್ಚಿಯಲ್ಲಿ. ನಾನು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ, ಮಲಯಾಳಂ ಮಾತಾಡಿದರೆ ಆ ಕಡೆಯವರು ನಗುತ್ತಾರೆ, ಆದರೂ ತೆಗೆದುಕೊಂಡರು. ಸಂಬಳ 24,000. ಆಮೇಲೆ ಎಚ್‌ಆರ್ ಹುಡುಗಿ ಪಟ್ಟಿ ಕಳಿಸಿದಳು: ಮೂರು ತಿಂಗಳ ಸಂಬಳದ ಸ್ಲಿಪ್, ರಿಲೀವಿಂಗ್ ಲೆಟರ್, ಪಿಎಫ್ ಸರ್ವಿಸ್ ಹಿಸ್ಟರಿ.

ಪಿಎಫ್ ಪೋರ್ಟಲಿನಲ್ಲಿ ನಾನು ಇನ್ನೂ ಹಳೆ ಸಂಸ್ಥೆಯ ನೌಕರ. ಬಿಟ್ಟ ತಾರೀಕು ಹಾಕಬೇಕಾದವರು ಅವರು, ಹಾಕಿರಲಿಲ್ಲ. ಅದು ಇಲ್ಲದಿದ್ದರೆ ಹಳೆ ಹಣ ಹೊಸ ಖಾತೆಗೆ ಹೋಗುವುದಿಲ್ಲ, ಪೂರ್ತಿ ತೆಗೆಯಲೂ ಆಗುವುದಿಲ್ಲ. 2020ರಿಂದ ನಮಗೇ ಹಾಕಿಕೊಳ್ಳುವ ಅವಕಾಶ ಉಂಟು. ಕೊನೆಯ ಸಲ ಹಣ ಕಟ್ಟಿ ಎರಡು ತಿಂಗಳು ಕಳೆದಿರಬೇಕು, ಆಧಾರ್ ಓಟಿಪಿ ಬೇಕು. ನಾನು ಆಗಸ್ಟಿನಲ್ಲಿ ಕೂತೆ. ಜೂನ್ 9 ಎಂದು ಒತ್ತಿದರೆ ಅದು ತೆಗೆದುಕೊಳ್ಳುವುದಿಲ್ಲ. ಕೊನೆಯ ಪಿಎಫ್ ಕಟ್ಟಿದ ತಿಂಗಳೊಳಗಿನ ತಾರೀಕೇ ಆಗಬೇಕು. ಜೂನ್‌ಗೆ ಅವರು ಕಟ್ಟಿರಲಿಲ್ಲ. ಕೊನೆಗೆ ಮೇ 31 ಹಾಕಿದೆ. ಒಂಬತ್ತು ದಿನ ಮಾಯ. ಆ ಒಂಬತ್ತು ದಿನಕ್ಕೆ ಸಂಬಳವೂ ಇಲ್ಲ, ಪಿಎಫ್ ಲೆಕ್ಕದಲ್ಲಿ ನಾನೂ ಇಲ್ಲ.

ರಿಲೀವಿಂಗ್ ಲೆಟರಿಗೆ ಮಾತ್ರ ಪೋರ್ಟಲ್ ಇಲ್ಲ. ಕಾಲಲ್ಲೇ ಹೋಗಬೇಕು.

ಸೆಪ್ಟೆಂಬರ್ ಮೊದಲ ವಾರ ಹೋದೆ. ಗೋಡೌನಿನ ಹುಡುಗರು ನೋಡಿಯೂ ನೋಡದ ಹಾಗೆ ಮಾಡಿದರು. ತೂಕದ ಮಿಷನಿನ ಪಕ್ಕದ ಸ್ಟೂಲಿನಲ್ಲಿ ಎರಡು ಗಂಟೆ ಕೂತೆ. ಧಣಿಗಳು ಒಳಗೆ ಕರೆದು, "30,600 ತಂದಿದ್ದೀರಾ?" ಎಂದರು. ನಾನು ತಪ್ಪಾಯಿತು ಎಂದೆ. ಬೇರೆ ಮಾತು ತಯಾರು ಮಾಡಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಅದೇ. ಅವರು ಸ್ವಲ್ಪ ಹೊತ್ತು ಫೋನ್ ತಿರುಗಿಸುತ್ತಾ ಕೂತರು. "ನನಗೆ ನಿಮ್ಮ ಹಣ ಬೇಡ. ಆಡಿಟ್ ಉಂಟು. ಹೊಸ ಹುಡುಗನಿಗೆ ನಿಮ್ಮ ಅಕ್ಷರ ಅರ್ಥ ಆಗುವುದಿಲ್ಲ. ಬಂದು ಮುಗಿಸಿ ಕೊಡಿ."

ಹನ್ನೆರಡು ದಿನ ಹೋದೆ. ಸಂಬಳವಿಲ್ಲ, ಓಡಾಟದ ಖರ್ಚು ನನ್ನದೇ. ನನ್ನ ಕುರ್ಚಿಯಲ್ಲಿ ಹೊಸ ಹುಡುಗ, ಅವನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ಯಾವ ಅಂಗಡಿಯವರ ಚೆಕ್ ಯಾವ ತಾರೀಕಿಗೆ ಹಾಕಬೇಕು, ಯಾರ ಬಾಕಿಯಲ್ಲಿ ವಾಪಸ್ ಬಂದ ಮಾಲು ಕಳೆಯಬೇಕು, ಯಾವ ಫೈಲ್ ಎಲ್ಲಿ, ಎಲ್ಲ ಹೇಳಿದೆ. ನನ್ನ ತಲೆಯಲ್ಲಿ ಅಷ್ಟು ಇತ್ತು ಎಂದು ನನಗೇ ಗೊತ್ತಿರಲಿಲ್ಲ. ಜೂನ್‌ನಲ್ಲೇ ಹೇಳಿ ಕೂತಿದ್ದರೆ ಸಂಬಳ ತೆಗೆದುಕೊಂಡು ಇದೇ ಕೆಲಸ ಮಾಡಬಹುದಿತ್ತು.

ಲೆಟರ್ ಸಿಕ್ಕಿತು. ನಾಲ್ಕು ಸಾಲು. ಇಂಥವರು ಇಂಥ ತಾರೀಕಿನಿಂದ 2022 ಜೂನ್ 9ರವರೆಗೆ ನಮ್ಮಲ್ಲಿದ್ದರು. ನಡತೆ ಚೆನ್ನಾಗಿತ್ತು, ಮುಂದಕ್ಕೆ ಒಳ್ಳೆಯದಾಗಲಿ ಎಂದು ಎಲ್ಲರ ಲೆಟರಿನಲ್ಲೂ ಇರುವ ಒಂದು ಸಾಲು ಅದರಲ್ಲಿರಲಿಲ್ಲ. ಕೇಳಲು ಬಾಯಿ ಬರಲಿಲ್ಲ. ಕೊಚ್ಚಿಯ ಹುಡುಗಿ ಅದನ್ನು ಗಮನಿಸಲಿಲ್ಲ. ಆದರೆ ಲೆಟರಿನಲ್ಲಿ ಜೂನ್ 9, ಪಿಎಫ್‌ನಲ್ಲಿ ಮೇ 31, ಇದೇಕೆ ಹೀಗೆ ಎಂದು ಕೇಳಿದಳು. ತಾರೀಕು ತಿದ್ದಬೇಕಾದರೆ ಜಾಯಿಂಟ್ ಡಿಕ್ಲರೇಶನ್ ಎಂದು ಒಂದು ಅರ್ಜಿ ಇತ್ತು, ಅದಕ್ಕೆ ಆಗ ಹಳೆ ಧಣಿಗಳ ಸಹಿ ಬೇಕಿತ್ತು. ಮತ್ತೆ ಆ ಸ್ಟೂಲಿನಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಒಂದು ಪುಟ ವಿವರಣೆ ಬರೆದು ಕೊಟ್ಟೆ. ಒಪ್ಪಿಕೊಂಡರು. ಈಗಲೂ ಅದು ಹಾಗೇ ಇದೆ.

ಅಕ್ಕ ಆ ಹನ್ನೆರಡು ದಿನವೂ ನನ್ನ ಹತ್ತಿರ ಕೆಲಸದ ಮಾತು ಮಾತ್ರ ಆಡಿದರು. ಬೆಳಿಗ್ಗೆ ರೈಲಿನಲ್ಲಿ ಬೇರೆ ಬೋಗಿ ಹತ್ತುತ್ತಿದ್ದರು. ನಾನು ಅಭ್ಯಾಸದಲ್ಲಿ ಸೀಟು ಹಿಡಿಯುತ್ತಿದ್ದೆ, ಉಪ್ಪಳದಲ್ಲಿ ಬೇರೆ ಯಾರೋ ಬಂದು ಕೂರುತ್ತಿದ್ದರು. ಕೊನೆಯ ದಿನ ಹೊರಡುವಾಗ, "ಕೊಚ್ಚಿಯಲ್ಲಾದರೂ ಬಾಯಿ ತೆಗೆದು ಮಾತಾಡು" ಎಂದರು. ಬ್ಲಾಕ್ ಮಾಡಿದ್ದನ್ನು ಅವರು ಮರೆತಿಲ್ಲ. ಮರೆಯಬೇಕೆಂದು ನಾನು ಕೇಳುವ ಹಾಗೂ ಇಲ್ಲ.

ಆ ಸಿಮ್ ಅವರು ನಂಬರ್ ಬದಲಿಸುವವರೆಗೆ ನಾನೇ ರೀಚಾರ್ಜ್ ಮಾಡಿದೆ. ಈಗ ಓಟಿಪಿ ಬರುವುದಿಲ್ಲ. ಆದರೆ ಸಿಮ್ ತೆಗೆದಿಲ್ಲ. ಉಪ್ಪಿನಂಗಡಿ ಕಡೆಯ ಒಂದಿಬ್ಬರು ಅಂಗಡಿಯವರು ಇವತ್ತಿಗೂ ಅದೇ ನಂಬರಿಗೆ ಫೋನ್ ಮಾಡಿ, "ನಮ್ಮ ಬಾಕಿ ಎಷ್ಟುಂಟು ಒಮ್ಮೆ ನೋಡಿ ಹೇಳಿ" ಎನ್ನುತ್ತಾರೆ. ನಾನು ಅಕ್ಕನ ನಂಬರ್ ಕೊಡುತ್ತೇನೆ.